ಎಂಡೋಸಲ್ಫಾನ್ ಎಂಬ ಹೆಸರಿನ ವಿಚಾರ

ಕ್ಲೋರಿನ್, ಬ್ರೋಮಿನ್, ಅಯೊಡಿನ್ ಮೊದಲಾದ ಧಾತುಗಳ ವರ್ಗಕ್ಕೆ ಹ್ಯಾಲೊಜನ್ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ಲವಣವನ್ನು ಹುಟ್ಟಿಸುವುದೆಂದು ಇದರ ಅರ್ಥ. ಸೋಡಿಯಂ ಕ್ಲೋರಿನ್ನೊಡನೆ ಕೂಡಿ ಅಡಿಗೆಯ ಉಪ್ಪಾಗುವುದರಿಂದ ಈ ನಾಮವು ಅನ್ವರ್ಥವೇ ಸರಿ. ಆದರೆ ಅದೇ ಕ್ಲೋರಿನ್ ಇಂಗಾಲದೊಡನೆ ಬೆಸೆದು ಹುಟ್ಟುವ ವಸ್ತುಗಳ ಹೆಸರುಗಳಲ್ಲಿ ಈ ಋಜುತ್ವವು ಎಲ್ಲೆಡೆಯೂ ಕಾಣದು.

ಎಂಡೋಸಲ್ಫಾನಿನ ಅಣುವಿನಲ್ಲಿ ಗಂಧಕದ ಪರಮಾಣು ಒಂದೇ, ಕ್ಲೋರಿನ್ನಿನವು ಆರು. ಹೆಸರಾದರೋ ಗಂಧಕವನ್ನು ಸಾರಿ ಆ ಆರನ್ನೂ ಮರೆಮಾಡಿತು. "ಕೀಟನಾಶಕ"ವೆಂಬುದಕ್ಕೆ ತಾರ್ಕಿಕರು ಹೇಳುವ ಅವ್ಯಾಪ್ತಿದೋಷವು ತಟ್ಟುತ್ತದೆ. ಮೀನುಗಳಿಗೂ ಇದು ಉಗ್ರವಾದ ವಿಷವಷ್ಟೆ.

ಇನ್ನು ರೂಢಿಯ ಮಾತು. ಕೂಡ್ಲಿಗಿ ಸೀಮೆಯ ಹೊಸಹಳ್ಳಿಯಂಥ ಬಯಲುನಾಡಿನ ಊರುಗಳಲ್ಲಿ ಬೆಳೆಗೆ "ಔಷಧ ಹೊಡೆಯುವುದು", "ಎಣ್ಣೆ ಹೊಡೆಯುವುದು" ಎನ್ನುತ್ತಾರೆ. ಔಷಧವೆಂದರೆ ಓಷಧಿಯಿಂದ, ಎಂದರೆ ಗಿಡಮೂಲಿಕೆಯಿಂದ, ಆದುದು; ಗಿಡದ ಮೇಲೆ ಸುರಿದ ವಿಷಕ್ಕೆ ಆ ಹೆಸರು ಸಲ್ಲದು. ಕರಾವಳಿಯವರ "ಮದ್ದು" ಎಂಬುದೇ ಮೇಲು. "ಮದ್ದು ಹಾಕಿದರು" ಎಂದರೆ ವಿಷವಿಕ್ಕಿದರೆಂಬ ಅರ್ಥವೂ ಉಂಟು. ಕೋವಿಯ ಪುಡಿಯೂ ಮದ್ದೇ. ಪಂಡಿತರು ಮರೆತುದನ್ನು ಹಳ್ಳಿಯ ಮಾತು ಮರೆತಿಲ್ಲ.

ಈ ವಿಚಾರವು ಬರಿಯ ಶಬ್ದಚರ್ಚೆಯಲ್ಲ. ಕಾಸರಗೋಡಿನ ಎಣ್ಮಕಜೆಯೇ ಮೊದಲಾದ ಗ್ರಾಮಗಳ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದ ವರೆಗೆ ಈ "ಔಷಧ"ವನ್ನು ಹೆಲಿಕಾಪ್ಟರಿನಿಂದ ಸಿಂಪಡಿಸಲಾಯಿತು. ಕನ್ನಡ, ತುಳು ಮಾತನಾಡುವ ಆ ಮನೆಗಳಲ್ಲಿ ಅಂಗವೈಕಲ್ಯದಿಂದಲೂ ನರರೋಗದಿಂದಲೂ ಬಳಲುವ ಮಕ್ಕಳು ಕಂಡುಬಂದರು. ಕಾರಣದ ವಿಷಯದಲ್ಲಿ ವಾದವು ಬಹುಕಾಲ ನಡೆಯಿತು. 2011ರ ಮೇ 13ರಂದು ಸರ್ವೋಚ್ಚ ನ್ಯಾಯಾಲಯವು ಇದರ ತಯಾರಿಕೆ, ಮಾರಾಟ, ಬಳಕೆಗಳನ್ನು ತಡೆಯಿತು. ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಇದು ಸೇರಿದುದೂ ಅದೇ ವರ್ಷ.

ಹಾಗಾದರೆ ತಕ್ಕ ಹೆಸರಾವುದು? ಸುಶ್ರುತಸಂಹಿತೆಯ ಕಲ್ಪಸ್ಥಾನದಲ್ಲಿ ದೂಷೀವಿಷವೆಂಬ ಒಂದು ಭೇದವುಂಟು. ದೇಹದಿಂದ ಪೂರ್ತಿಯಾಗಿ ಹೊರಬೀಳದೆ, ವೀರ್ಯ ಕುಂದಿ, ವರ್ಷಗಟ್ಟಲೆ ಒಳಗೇ ಅಡಗಿದ್ದು, ಸಮಯ ಬಂದಾಗ ಕೆರಳುವ ವಿಷವದು. ಕೊಬ್ಬಿನಲ್ಲಿ ಸೇರಿಕೊಂಡು ಬಹುಕಾಲ ನಿಲ್ಲುವ ಡಿಡಿಟಿಯಂಥ ಕ್ಲೋರಿನ್ ಸಂಯುಕ್ತಗಳಿಗೆ ಇದು ಬಹುಮಟ್ಟಿಗೆ ಒಪ್ಪುತ್ತದೆ. ಪೂರ್ತಿಯಾಗಿ ಒಪ್ಪದು: ಒಂದು ಪ್ರಾಣಿಯನ್ನು ಇನ್ನೊಂದು ತಿನ್ನುತ್ತ ಹೋದಂತೆ ಈ ವಿಷವು ಮೇಲಿನ ಪ್ರಾಣಿಯಲ್ಲಿ ಹೆಚ್ಚುತ್ತದೆ, ದೂಷೀವಿಷದ ಲಕ್ಷಣದಲ್ಲಿ ಇದು ಸೇರಿಲ್ಲ. ಅಲ್ಲದೆ ಹ್ಯಾಲೊಜನ್ ಸೇರಿದುದೆಲ್ಲವೂ ವಿಷವಲ್ಲ. ಕಂಠದ ಗ್ರಂಥಿಯಲ್ಲಿ ಹುಟ್ಟುವ ಥೈರಾಕ್ಸಿನ್ನಿನಲ್ಲಿ ನಾಲ್ಕು ಅಯೊಡಿನ್ ಪರಮಾಣುಗಳಿದ್ದು, ಅದಿಲ್ಲದೆ ದೇಹವು ಸೊರಗುವುದು. ಆದುದರಿಂದ ವರ್ಗಕ್ಕೆಲ್ಲ ಒಂದೇ ಹೆಸರಿಡದೆ, ಉಳಿದು ಬಾಧಿಸುವ ಸಂಯುಕ್ತಗಳಿಗೆ ಮಾತ್ರ "ಸ್ಥಾಯಿವಿಷ"ವೆಂದು ಹೇಳುವುದು ಯುಕ್ತ. 14ನೆಯ ಶತಮಾನದಲ್ಲಿಯೇ ಮಂಗರಾಜನು ಖಗೇಂದ್ರಮಣಿದರ್ಪಣದಲ್ಲಿ ವಿಷವೈದ್ಯವನ್ನು ಬರೆದ ಭಾಷೆಗೆ ಈ ಪದವು ಭಾರವಾಗದು.