ಬೇಬಿಯ ಹರೆಯ, ನಮ್ಮತ್ತೆಯ ಮೊಣಕಾಲು

ಹೋದ ವರ್ಷ ದಸರಾ ಸೂಟಿಗೆ ಬೆಂಗಳೂರಿನಿಂದ ಬಂದ ಮಗಳು ಮೊಬೈಲನ್ನು ಟಿ.ವಿ.ಗೆ ಜೋಡಿಸುತ್ತ, "ಅವ್ವಾ, ನಿನ್ನ ಲಕ್ಷ್ಮಿ ಮುದುಕಿ ಆಗ್ಯಾಳ, ನೋಡು ಬಾ" ಎಂದು ಕೂಗಿದಳು. ನಾನು ಅಡಿಗೆಮನೆಯಲ್ಲಿ ಕಡುಬಿಗೆ ಹೂರಣ ರುಬ್ಬುತ್ತಿದ್ದೆ. ಲಕ್ಷ್ಮಿ ಅಂದಮೇಲೆ ಕೈ ಒರೆಸಿಕೊಂಡು ಬಂದು ಕೂತೆ. ಅತ್ತೆಯವರು ಮೊದಲೇ ಕುರ್ಚಿ ಹಿಡಿದಿದ್ದರು. ಚಿತ್ರ 2019ರ ಜುಲೈ ತಿಂಗಳಲ್ಲಿ ತೆರೆಕಂಡ ತೆಲುಗಿನ 'ಓ! ಬೇಬಿ', ನಿರ್ದೇಶಕಿ ಬಿ.ವಿ. ನಂದಿನಿ ರೆಡ್ಡಿ. ತೆಲುಗು ನನಗೆ ಅರ್ಧ ತಿಳಿಯುತ್ತದೆ, ಉಳಿದರ್ಧ ಕೆಳಗೆ ಬರುವ ಇಂಗ್ಲಿಷ್ ಸಾಲುಗಳಿಂದ ತಿಳಿಯುತ್ತದೆ. ಅತ್ತೆಯವರಿಗೆ ಎರಡೂ ತಿಳಿಯುವುದಿಲ್ಲ. ಹೀಗಾಗಿ ಎರಡೂವರೆ ತಾಸು ನಾನೇ ದುಭಾಷಿ.

ನೀವು ನೋಡಿರದಿದ್ದರೆ ಕತೆ ಇಷ್ಟು. ಸಾವಿತ್ರಿ ಎಂಬ ಎಪ್ಪತ್ತರ ಆಸುಪಾಸಿನ ಹೆಂಗಸು. ಎಲ್ಲರೂ ಕರೆಯುವುದು ಬೇಬಿ ಎಂದು. ಸಣ್ಣ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡು, ಹಾಡುಗಾರಳಾಗುವ ಆಸೆಯನ್ನು ಗಂಟು ಕಟ್ಟಿಟ್ಟು, ಒಬ್ಬನೇ ಮಗನನ್ನು ಬೆಳೆಸಿ ಪ್ರೊಫೆಸರ್ ಮಾಡಿದಾಕೆ. ಬಾಯಿ ಮಾತ್ರ ಕತ್ತರಿ. ಆ ಬಾಯಿಗೆ ಸಿಕ್ಕು ಸೊಸೆ ಆಸ್ಪತ್ರೆ ಸೇರುತ್ತಾಳೆ. ಮುದುಕಿಯನ್ನು ಬೇರೆ ಇಡುವ ಮಾತು ಮನೆಯಲ್ಲಿ ಹುಟ್ಟುತ್ತದೆ. ಅದನ್ನು ತಿಳಿದು ಮನಸ್ಸು ಮುರಿದ ಬೇಬಿ ಒಂದು ಫೋಟೋ ಸ್ಟುಡಿಯೋಕ್ಕೆ ಹೊಕ್ಕು ಹೊರಬರುವಷ್ಟರಲ್ಲಿ ಇಪ್ಪತ್ತರ ಹರೆಯದವಳಾಗಿರುತ್ತಾಳೆ. ಒಳಗೆ ಹೋಗುವಾಗ ಲಕ್ಷ್ಮಿ, ಹೊರಗೆ ಬರುವಾಗ ಸಮಂತಾ. ಸ್ವಾತಿ ಎಂದು ಹೆಸರಿಟ್ಟುಕೊಂಡು, ಸ್ವಂತ ಮೊಮ್ಮಗನ ಹಾಡಿನ ತಂಡ ಸೇರುತ್ತಾಳೆ. ಒಂದೇ ಷರತ್ತು: ಮೈಯಿಂದ ರಕ್ತ ಹೋದರೆ ಹರೆಯವೂ ಹೋಗುತ್ತದೆ.

ಕತೆ ತೆಲುಗಿನವರದಲ್ಲ. 2014ರಲ್ಲಿ ಕೊರಿಯಾದಲ್ಲಿ ಬಂದ 'ಮಿಸ್ ಗ್ರ್ಯಾನಿ' ಇದರ ಮೂಲ. ಅಲ್ಲಿಂದ ಚೀನಾ, ವಿಯೆಟ್ನಾಂ, ಜಪಾನ್, ಥಾಯ್ಲೆಂಡ್, ಇಂಡೋನೇಷ್ಯಾ, ಫಿಲಿಪೈನ್ಸ್ ಸುತ್ತಿ ನಮ್ಮ ಕಡೆ ಬಂದಿದೆ. ಇಷ್ಟು ದೇಶದ ಮುದುಕಿಯರಿಗೆ ಒಂದೇ ಕತೆ ಒಪ್ಪುತ್ತದೆ ಎಂದರೆ, ಇಷ್ಟೂ ದೇಶಗಳಲ್ಲಿ ಹೆಂಗಸರ ಹರೆಯ ಒಂದೇ ರೀತಿ ಕಳೆದುಹೋಗಿದೆ ಎಂದೇ ನಾನು ತಿಳಿಯುತ್ತೇನೆ.

ಚಿತ್ರ ನಗಿಸುತ್ತದೆ. ಹರೆಯದ ಮೈಯಲ್ಲಿ ಮುದುಕಿಯ ನಾಲಿಗೆ ಇದ್ದರೆ ಏನೇನು ಫಜೀತಿ ಆಗಬಹುದೋ ಅದನ್ನೆಲ್ಲ ಸಮಂತಾ ಸಂಕೋಚವಿಲ್ಲದೆ ಮಾಡಿದ್ದಾರೆ. ಬೀಸುಗಾಲಿನ ನಡಿಗೆ, ಸೊಂಟಕ್ಕೆ ಕೈ, ಸಿಕ್ಕ ಸಿಕ್ಕವರಿಗೆ ಬುದ್ಧಿವಾದ. ಬಾಲ್ಯದ ಗೆಳೆಯ ಚಂಟಿಯಾಗಿ ರಾಜೇಂದ್ರ ಪ್ರಸಾದ್ ಜೊತೆಗಿದ್ದಾರೆ. ಜೀವನವಿಡೀ ಆಕೆಯ ಮೇಲೆ ಪ್ರೀತಿ ಇಟ್ಟುಕೊಂಡು ಬಾಯಿಬಿಡದ ಮುದುಕ. ಅವರಿಬ್ಬರ ಜಗಳ ನೋಡಿ ಅತ್ತೆಯವರು ಭಾಷೆಯ ಹಂಗಿಲ್ಲದೆ ನಕ್ಕರು. ನನ್ನ ಅನುವಾದ ಬರುವುದಕ್ಕಿಂತ ಮೊದಲೇ ನಕ್ಕರು.

ಆದರೆ ನನ್ನ ವಯಸ್ಸಿನವರಿಗೆ ಈ ಚಿತ್ರದಲ್ಲಿ ಒಂದು ತೊಡಕಿದೆ. ಲಕ್ಷ್ಮಿಯ ಹರೆಯವನ್ನು ತೋರಿಸಲು ನಮಗೆ ಇನ್ನೊಬ್ಬ ನಟಿ ಬೇಕಾಗಿಲ್ಲ. 1979ರ 'ನಾ ನಿನ್ನ ಬಿಡಲಾರೆ'ಯನ್ನು ಒಂಬತ್ತು ವರ್ಷದವಳಿದ್ದಾಗ ಖಾನಾಪುರದಿಂದ ಬೆಳಗಾವಿಗೆ ಬಂದು ಸೋದರಮಾವನ ತೊಡೆಯ ಮೇಲೆ ಕೂತು ನೋಡಿ, ಹೆದರಿ ಎರಡು ದಿನ ಜ್ವರ ಬಂದು ಮಲಗಿದವಳು ನಾನು. ಅನಂತನಾಗ್ ಪಕ್ಕದಲ್ಲಿ ನಿಂತ ಆ ದೊಡ್ಡ ಕಣ್ಣಿನ ಲಕ್ಷ್ಮಿ, 'ಬೆಂಕಿಯ ಬಲೆ'ಯ ಲಕ್ಷ್ಮಿ, ಆಮೇಲೆ 1993ರಲ್ಲಿ ತ್ರಿವೇಣಿಯವರ ಕಾದಂಬರಿಯಿಂದ ಬಂದ 'ಹೂವು ಹಣ್ಣು'ವಿನ ಲಕ್ಷ್ಮಿ, ಇವರೆಲ್ಲ ನಮ್ಮ ತಲೆಯಲ್ಲಿ ಸಾಲಾಗಿ ನಿಂತಿದ್ದಾರೆ. ತೆರೆಯ ಮೇಲೆ ಮುದುಕಿ ಲಕ್ಷ್ಮಿ ಕಾಣಿಸಿದ ಕ್ಷಣದಲ್ಲೇ ನಮಗೆ ಆ ಜಾದೂ ಮುಗಿದಿರುತ್ತದೆ. ಮಗಳು ಕಂಡದ್ದು ಒಬ್ಬ ಮುದುಕಿ ಹುಡುಗಿಯಾದದ್ದನ್ನು. ನಾನು ಕಂಡದ್ದು ಒಬ್ಬ ಹುಡುಗಿ ಮುದುಕಿಯಾದದ್ದನ್ನು. ಸ್ಟುಡಿಯೋದಿಂದ ಸಮಂತಾ ಹೊರಬಂದಾಗ ಮಗಳು ಚಪ್ಪಾಳೆ ತಟ್ಟಿದಳು. ನನಗೆ ಯಾಕೋ ಲಕ್ಷ್ಮಿಯನ್ನು ಮನೆಯಿಂದ ಹೊರಗೆ ಕಳಿಸಿದಂತೆ ಆಯಿತು. ಅದು ನಿರ್ದೇಶಕಿಯ ತಪ್ಪಲ್ಲ. ಆದರೂ ಹಿಂದಿನದನ್ನು ನೆನೆಸುವ ಚಿತ್ರವೊಂದು, ನಮ್ಮ ನೆನಪಿನಲ್ಲಿರುವ ಮುಖವನ್ನು ಬಿಟ್ಟು ಬೇರೆ ಮುಖವನ್ನು ತೋರಿಸಿದರೆ ಆ ನೆನಪು ಅರ್ಧಕ್ಕೇ ನಿಲ್ಲುತ್ತದೆ.

ಇಂಥ ಚಿತ್ರಗಳದೇ ಒಂದು ಜಾತಿ ಇದೆಯೆಂದು ಮಗಳು ಹೇಳಿದಳು. ಕೆಲವರಿಗೆ ಹರೆಯ ತಿರುಗಿ ಬರುತ್ತದೆ, ಕೆಲವರಿಗೆ ಒಂದೇ ದಿನ ಮತ್ತೆ ಮತ್ತೆ ಬರುತ್ತದೆ. 1993ರ ಅಮೆರಿಕದ ಚಿತ್ರ 'ಗ್ರೌಂಡ್‌ಹಾಗ್ ಡೇ'ಯಲ್ಲಿ ಹವಾಮಾನ ವರದಿ ಹೇಳುವ ಒಬ್ಬ ಸಿಡುಕ ಮನುಷ್ಯನಿಗೆ ಪ್ರತಿ ಬೆಳಗೂ ಫೆಬ್ರುವರಿ 2 ಆಗಿಯೇ ಬೆಳಗಾಗುತ್ತದಂತೆ. ಮನುಷ್ಯ ಒಳ್ಳೆಯವನಾಗುವತನಕ ಆ ದಿನ ಆತನನ್ನು ಬಿಡುವುದಿಲ್ಲ. ನನಗೆ ನಗು ಬಂತು. ಇದನ್ನು ಯಾವ ಮಾಸ್ತರಿಣಿಗೂ ಬಿಡಿಸಿ ಹೇಳಬೇಕಾಗಿಲ್ಲ. ಮೂವತ್ತು ವರ್ಷದಿಂದ ನನ್ನ ಎಂಟನೆಯ ತರಗತಿಯ ಹುಡುಗಿಯರಿಗೆ ಹದಿನಾಲ್ಕೇ ವರ್ಷ. ಪ್ರತಿ ಜೂನ್ ತಿಂಗಳು ಅದೇ ಮಳೆ, ಅದೇ ಹಸಿ ಕೊಡೆಗಳು, ಅದೇ ಸಂಧಿ ಸಮಾಸ, ಹಿಂದಿನ ಬೆಂಚಿನಲ್ಲಿ ಅದೇ ಕಿಸಿಕಿಸಿ. ಕರಿಹಲಗೆಯ ಮುಂದೆ ನಿಂತವಳಿಗೆ ಮಾತ್ರ ಪ್ರತಿ ವರ್ಷ ಒಂದು ವರ್ಷ ಹೆಚ್ಚು. ಹರೆಯದ ಮಧ್ಯೆ ನಿಂತುಕೊಂಡೇ ಮುಪ್ಪಾಗುವ ಉದ್ಯೋಗ ನಮ್ಮದು.

ಚಿತ್ರ ನೋಡುತ್ತ ನನಗೆ ಬಿಡದೆ ನೆನಪಾದವನು ಯಯಾತಿ. ಹರೆಯ ತಿರುಗಿ ಬರುವ ಕತೆ ನಮಗೆ ಕೊರಿಯಾದಿಂದ ಬರಬೇಕಾಗಿರಲಿಲ್ಲ, ಮಹಾಭಾರತದ ಆದಿಪರ್ವದಲ್ಲಿಯೇ ಇದೆ. ಶುಕ್ರಾಚಾರ್ಯರ ಶಾಪದಿಂದ ಮುದುಕನಾದ ಅರಸ ತನ್ನ ಮಕ್ಕಳ ಹರೆಯ ಕೇಳುತ್ತಾನೆ. ನಾಲ್ವರು ಒಲ್ಲೆ ಎನ್ನುತ್ತಾರೆ, ಐದನೆಯವನಾದ ಪುರು ಕೊಡುತ್ತಾನೆ. ಈ ಕತೆಯನ್ನು ನಮ್ಮ ಗಡಿಯ ಎರಡೂ ಬದಿಯವರು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಮುಟ್ಟಿದ್ದಾರೆ. ಕೊಲ್ಲಾಪುರದ ವಿ.ಸ. ಖಾಂಡೇಕರರ ಮರಾಠಿ ಕಾದಂಬರಿ 1959ರಲ್ಲಿ ಬಂತು. ಗಿರೀಶ ಕಾರ್ನಾಡರ ನಾಟಕ 1961ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯಿಂದ ಬಂತು. ಕಾರ್ನಾಡರು ಅದನ್ನು ಬರೆದಾಗ ಇಪ್ಪತ್ತರ ಆಚೀಚೆ ಇದ್ದ ಹುಡುಗ. ಆದರೂ ಮಹಾಭಾರತ ಕೇಳದಿದ್ದ ಪ್ರಶ್ನೆಯೊಂದನ್ನು ಕೇಳಿದರು: ಪುರುವಿಗೆ ಹೆಂಡತಿ ಇದ್ದರೆ? ಆ ಚಿತ್ರಲೇಖೆ ಗಂಡನ ಮುಪ್ಪಿನ ಮುಖ ನೋಡಿ, ಮಾವನೆದುರು ನಿಂತು ನ್ಯಾಯ ಕೇಳಿ, ಕೊನೆಗೆ ವಿಷ ಕುಡಿಯುತ್ತಾಳೆ. ಒಬ್ಬರ ಹರೆಯ ತಿರುಗಿ ಬಂದರೆ ಅದರ ಲೆಕ್ಕ ಯಾರದೋ ಮನೆಯಲ್ಲಿ ತೀರಬೇಕು, ಬಹಳ ಸಲ ಅದು ಹೊರಗಿನಿಂದ ಬಂದ ಹುಡುಗಿಯ ಮೇಲೆ ಬೀಳುತ್ತದೆ ಎಂಬುದು ಆ ನಾಟಕದ ಮಾತು.

'ಓ! ಬೇಬಿ' ಈ ಲೆಕ್ಕವನ್ನು ತಿರುವಿಹಾಕಿದೆ. ಅಲ್ಲಿ ಮಗ ತಂದೆಗೆ ಕೊಟ್ಟ, ಇಲ್ಲಿ ಅಜ್ಜಿ ಮೊಮ್ಮಗನಿಗೆ ಕೊಡುತ್ತಾಳೆ. ಮೊಮ್ಮಗನಿಗೆ ಅಪಘಾತವಾಗುತ್ತದೆ, ಬೇಬಿಯ ರಕ್ತವೇ ಬೇಕಾಗುತ್ತದೆ. ಅಷ್ಟು ಹೊತ್ತಿಗೆ ಆಕೆ ಯಾರೆಂದು ಮಗನಿಗೆ ಗೊತ್ತಾಗಿರುತ್ತದೆ. ಆಸ್ಪತ್ರೆಯ ಓಣಿಯಲ್ಲಿ ಆ ಮಗ, ನಮ್ಮ ಚಿಂತೆ ಬಿಟ್ಟು ಹೋಗಿಬಿಡು, ಈ ಸಲವಾದರೂ ನಿನ್ನ ಬದುಕನ್ನು ನೀನೇ ಬದುಕು ಎಂದು ಬೇಡಿಕೊಳ್ಳುತ್ತಾನೆ. ರಾವ್ ರಮೇಶ್ ಆ ದೃಶ್ಯವನ್ನು ಬಹಳ ಚೆನ್ನಾಗಿ ಮಾಡಿದ್ದಾರೆ, ನಾನು ಅತ್ತೆ. ಆಕೆ ಒಪ್ಪುವುದಿಲ್ಲ. ರಕ್ತ ಕೊಟ್ಟು ಮತ್ತೆ ಮುದುಕಿಯಾಗುತ್ತಾಳೆ.

ಕಣ್ಣು ಒರೆಸಿಕೊಂಡ ಮೇಲೆ ಎರಡು ತಕರಾರು ಹುಟ್ಟಿದವು. ಮೊದಲನೆಯದು, ಕೊನೆಯಲ್ಲಿ ಚಂಟಿಯೂ ಅದೇ ಸ್ಟುಡಿಯೋದ ದಯೆಯಿಂದ ತರುಣನಾಗಿ ಬರುತ್ತಾನೆ, ಚಿತ್ರಮಂದಿರದಲ್ಲಿ ಸೀಟಿ ಬಿದ್ದಿರಬೇಕು. ಆತನಿಂದ ಯಾರೂ ಒಂದು ಹನಿ ರಕ್ತ ಕೇಳುವುದಿಲ್ಲ. ಗಂಡಸಿನ ಹರೆಯ ಬಹುಮಾನ, ಹೆಂಗಸಿನ ಹರೆಯ ಕೈಗಡ. ಎರಡನೆಯದು ಸೊಸೆಯದು. ಬೇಬಿಗೆ ಹರೆಯ ಸಿಕ್ಕಿತು, ಹಾಡು ಸಿಕ್ಕಿತು, ಮಗನ ಕಣ್ಣೀರು ಸಿಕ್ಕಿತು. ಸೊಸೆಗೆ ಸಿಕ್ಕದ್ದೇನು? ಆಸ್ಪತ್ರೆಯ ಮಂಚ. ಆಕೆ ಯಾಕೆ ಅಷ್ಟು ಬಳಲಿದಳು, ಆಕೆಯೂ ಏನಾದರೂ ಗಂಟು ಕಟ್ಟಿಟ್ಟಿದ್ದಳೇ ಎಂದು ಯಾರೂ ಕೇಳಲಿಲ್ಲ. ಚಿತ್ರಲೇಖೆಯನ್ನು ಕಂಡ ನಮ್ಮ ನಾಟಕ ಇಲ್ಲಿ ಚಿತ್ರಕ್ಕಿಂತ ಐವತ್ತೆಂಟು ವರ್ಷ ಮುಂದಿದೆ.

ಈ ಎರಡನೆಯ ತಕರಾರನ್ನು ನಾನು ನಿಷ್ಪಕ್ಷಪಾತವಾಗಿ ಎತ್ತುತ್ತಿಲ್ಲ ಎಂಬುದನ್ನು ಒಪ್ಪಬೇಕು. ನಾನೂ ಸೊಸೆ. ಚಿತ್ರ ನೋಡುವುದಕ್ಕೆ ಒಂದು ವಾರ ಮೊದಲಷ್ಟೇ ರಾತ್ರಿ ಅಡಿಗೆಮನೆಯಲ್ಲಿ ನಿಂತು, ನನ್ನ ರಕ್ತದೊತ್ತಡದ ಗುಳಿಗೆಯ ಹಾಳೆ ತೋರಿಸಿ, ಮನೆಯವರಿಗೆ ಹೇಳಿದ್ದೆ: "ಆರು ತಿಂಗಳು ನಿಮ್ಮ ತಮ್ಮನ ಮನಿಯೊಳಗ ಇರ್ಲಿ, ಆರು ತಿಂಗಳು ಇಲ್ಲಿರ್ಲಿ. ನನ್ನ ಕೈಲೆ ಆಗೂದಿಲ್ಲ." ಬಿ.ಎ. ಮುಗಿದಾಗ ಧಾರವಾಡಕ್ಕೆ ಹೋಗಿ ಎಂ.ಎ. ಮಾಡಬೇಕೆಂದಿದ್ದವಳು ನೌಕರಿ ಲಗೂ ಸಿಗುತ್ತದೆಂದು ಬಿ.ಎಡ್.ಗೆ ಸೇರಿದ್ದು, ಮದುವೆಯಾದ ಮೇಲೆ ಬೆಳಿಗ್ಗೆ ಐದಕ್ಕೆದ್ದು ಎರಡು ಡಬ್ಬಿ ಕಟ್ಟಿ ಶಾಲೆಗೆ ಓಡಿದ್ದು, ಮೂವತ್ತು ವರ್ಷದ ಈ ಪಟ್ಟಿಯನ್ನೆಲ್ಲ ಆ ರಾತ್ರಿ ಓದಿದ್ದೆ. ಅಂಥವಳು ಈಗ ಅದೇ ಅತ್ತೆಯ ಪಕ್ಕದಲ್ಲಿ ಕೂತು, ಮುದುಕಿಯನ್ನು ಬೇರೆ ಇಡುವ ದೃಶ್ಯವನ್ನು ಅನುವಾದ ಮಾಡಬೇಕಾಯಿತು. ನಿಜ ಹೇಳುತ್ತೇನೆ, ಆ ದೃಶ್ಯದ ನಾಲ್ಕು ಮಾತು ನುಂಗಿದೆ. "ಏನಂದ್ರು?" ಎಂದು ಅತ್ತೆ ಕೇಳಿದರು. "ಸೊಸಿಗೆ ಆರಾಮಿಲ್ಲಂತ" ಎಂದೆ. ಅವರು ತೆರೆಯನ್ನೇ ನೋಡುತ್ತ, "ಅಕಿನ್ನ ಕಳಸ್ತಾರ ಇವ್ರು" ಎಂದರು. ಭಾಷೆಯ ಹಂಗು ಅವರಿಗೆ ಇಲ್ಲೂ ಬೇಕಾಗಲಿಲ್ಲ.

ಚಿತ್ರ ಮುಗಿದ ಮೇಲೆ ಮಗಳು ಅಜ್ಜಿಯನ್ನು ಕೇಳಿದಳು, "ಆಯೀ, ನಿನಗ ಹಿಂಗ ಮತ್ತ ಇಪ್ಪತ್ತು ವರ್ಷ ಆದ್ರ ಏನ್ ಮಾಡ್ತಿ?" ನಾನು ಏನೋ ಹಾಡು, ಕುಣಿತ, ಗಂಡನ ನೆನಪು ಬರಬಹುದೆಂದು ಕಾದೆ. ಅತ್ತೆ ಹೇಳಿದ್ದು ಬೇರೆಯೇ.

"ಇಪ್ಪತ್ತು ಬ್ಯಾಡ ಯವ್ವಾ. ಇಪ್ಪತ್ತಕ್ಕ ನನ್ನ ಬಗಲಾಗ ಎರಡು ಕೂಸು ಇದ್ದೂ. ಹೊಳಿಯಿಂದ ನೀರು ತರೂದು, ಭತ್ತ ಕುಟ್ಟೂದು, ಮಳಿಗಾಲದಾಗ ಹಸಿ ಕಟಿಗಿ ಊದಿ ಊದಿ ಕಣ್ಣು ಕೆಂಪು. ಮತ್ತ ಅದನ್ನ ಮಾಡ್ಲೇನು? ಈ ಮೊಣಕಾಲು ಎರಡು ಹೊಸಾವು ಕೊಡ್ಸ್ರಿ, ಸಾಕು." ನಾವೆಲ್ಲ ನಕ್ಕೆವು. ಸ್ವಲ್ಪ ಹೊತ್ತಿನ ಮೇಲೆ ತಾವೇ ಸಣ್ಣ ದನಿಯಲ್ಲಿ, "ಏಳು ವರ್ಷದಾಕಿನ್ನ ಮಾಡಿದ್ರ ಹೋಗ್ತೇನಿ ನೋಡು. ಸಾಲಿಗೆ ಹೋಗ್ತೇನಿ" ಎಂದರು.

ಅಲ್ಲಿ ನನಗೆ ಚಿತ್ರದ ನಿಜವಾದ ಹೆಸರು ತಿಳಿಯಿತು. ಹರೆಯವನ್ನು ಮತ್ತೊಮ್ಮೆ ಬದುಕುವುದು ಎಂದು ನಾವು ಸುಲಭವಾಗಿ ಹೇಳುತ್ತೇವೆ. ಒಮ್ಮೆ ಬದುಕಿದವರಿಗಲ್ಲವೇ ಮತ್ತೊಮ್ಮೆಯ ಮಾತು? ಬೇಬಿ ಇಪ್ಪತ್ತರಲ್ಲಿ ಹಾಡಿರಲೇ ಇಲ್ಲ. ಆಕೆಗೆ ಸ್ಟುಡಿಯೋ ಕೊಟ್ಟದ್ದು ಮೊದಲನೆಯ ಹರೆಯ. ಚಿತ್ರದ ನಗೆಯ ಕೆಳಗೆ ಈ ಸಂಗತಿ ಇದೆ, ಆದರೆ ಹಾಡು ಬಣ್ಣಗಳ ಗದ್ದಲದಲ್ಲಿ ನಿರ್ದೇಶಕಿ ಅದರ ಹತ್ತಿರ ಬಹಳ ಹೊತ್ತು ನಿಲ್ಲಲಿಲ್ಲ. ನಿಂತಿದ್ದರೆ ಇದು ಒಳ್ಳೆಯ ಚಿತ್ರವಾಗುವುದರ ಜೊತೆಗೆ ದೊಡ್ಡ ಚಿತ್ರವೂ ಆಗುತ್ತಿತ್ತು.

ಅತ್ತೆಯವರ ಸಾಲೆಯ ಕತೆ ನಮ್ಮ ಕಡೆಯ ಅನೇಕರ ಕತೆ. ಅವರು ಖಾನಾಪುರ ತಾಲೂಕಿನ ಮಲಪ್ರಭಾ ದಂಡೆಯ ಹಳ್ಳಿಯವರು. ಆಗಿನ್ನೂ ಅದು ಮುಂಬಯಿ ಪ್ರಾಂತ. 1956ರ ನವೆಂಬರ್ 1ಕ್ಕೆ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರುವ ಹೊತ್ತಿಗೆ ಅವರ ಸಾಲೆ ಮುಗಿದೇ ಹೋಗಿತ್ತು. ಮನೆಯಲ್ಲಿ ಆಡುವುದು ಕನ್ನಡ, ಊರಲ್ಲಿದ್ದ ಸಾಲೆ ಮರಾಠಿಯದು, ಕಲಿತದ್ದು ಎರಡು ಇಯತ್ತೆ. ತಮ್ಮ ಹುಟ್ಟಿದಾಗ ತೊಟ್ಟಿಲು ತೂಗಲು ಬಿಡಿಸಿದರು. ಹೀಗಾಗಿ ಅವರು ಮರಾಠಿಯನ್ನು ಅಕ್ಷರ ಕೂಡಿಸಿ ಓದುತ್ತಾರೆ, ತಾವು ಆಡುವ ಭಾಷೆಯನ್ನು ಓದಲಾರರು. ಬಸ್ಸಿನ ಬೋರ್ಡು, ಗುಳಿಗೆಯ ಚೀಟಿ, ದೇವಸ್ಥಾನದ ಫಲಕ ಎಲ್ಲಕ್ಕೂ "ಏನ್ ಬರದಾರ ನೋಡು" ಎಂದು ನನ್ನನ್ನೇ ಕರೆಯುತ್ತಾರೆ. ಆ ಕರೆಯೇ ನನಗೆ ದಿನಕ್ಕೆ ಹತ್ತು ಸಲ ಸಿಟ್ಟು ತರಿಸುತ್ತಿತ್ತು. ಮೂವತ್ತು ವರ್ಷ ಊರ ಮಕ್ಕಳಿಗೆ ಕನ್ನಡ ಕಲಿಸಿದವಳ ಮನೆಯಲ್ಲಿಯೇ ಒಬ್ಬ ವಿದ್ಯಾರ್ಥಿನಿ ಕಾಯುತ್ತಿದ್ದಳು. ನನಗೆ ಅದು ಹೊಳೆಯಲು ತೆಲುಗು ಚಿತ್ರ ಬೇಕಾಯಿತು.

ಮಗಳು ಬೆಂಗಳೂರಿಗೆ ಹೋದ ಮರುದಿನ ಒಂದು ಪಾಟಿ ತಂದೆ. ಮೊದಲು ನಾಚಿದರು, ಆಮೇಲೆ ಕನ್ನಡಕ ಹಾಕಿಕೊಂಡರು. ದೇವನಾಗರಿ ಗೊತ್ತಿದ್ದುದರಿಂದ ಕಾಗುಣಿತ ಲಗೂ ಹಿಡಿದರು, ಒತ್ತಕ್ಷರ ಮಾತ್ರ ಇನ್ನೂ ಕಾಡುತ್ತದೆ. ಇದರಿಂದ ನಮ್ಮ ಮನೆ ಸ್ವರ್ಗವಾಯಿತೆಂದು ತಿಳಿಯಬೇಡಿ. ಬಾಯಿ ಅದೇ ಬಾಯಿ, ನನ್ನ ಗುಳಿಗೆ ಅದೇ ಗುಳಿಗೆ. ದೀಪಾವಳಿಗೆ ಮೈದುನನ ಮನೆಗೆ ಹೋಗಿ ಒಂದು ತಿಂಗಳಿದ್ದು ಬಂದರು, ಮುಂದೆಯೂ ಹೋಗುತ್ತಾರೆ. ನನಗೂ ಆ ಒಂದು ತಿಂಗಳು ಬೇಕು. ಅದನ್ನು ಹೇಳಲು ಈಗ ಅಡಿಗೆಮನೆಯ ಕತ್ತಲೆ ಬೇಕಾಗುವುದಿಲ್ಲ, ಎದುರಿಗೇ ಹೇಳುತ್ತೇನೆ. "ನನಗೂ ನಿನ್ನಿಂದ ಸೂಟಿ ಬೇಕವ್ವಾ" ಎನ್ನುತ್ತಾರೆ ಅವರು.

ಹೋಗುವ ದಿನ ಪಾಟಿಯನ್ನು ಚೀಲದಲ್ಲಿ ಹಾಕಿಕೊಂಡರು. ಬಸ್ ಸ್ಟ್ಯಾಂಡಿನಲ್ಲಿ ನಾನು ಬೋರ್ಡು ಓದಲು ಬಾಯಿ ತೆರೆದಾಗ ಕೈಯೆತ್ತಿ ತಡೆದರು. ಮೂರು ಬಸ್ಸು ಬಂದು ಹೋದವು. ನಾಲ್ಕನೆಯದರ ಮುಂದೆ ನಿಂತು, ತುಟಿ ಅಲುಗಿಸಿ, "ಖಾ... ನಾ... ಪು... ರ" ಎಂದು ಓದಿ, ನನ್ನ ಕಡೆ ತಿರುಗದೆ ಹತ್ತಿ ಕೂತರು.