ಮಗುವಿರುವ ಮನೆಯ ಟೀವಿ

ಎಳೆಯ ಕೂಸಿರುವ ಮನೆಯಲ್ಲಿ ಟೀವಿಯನ್ನು ಎಷ್ಟು ಹೊತ್ತು ಹಾಕಬಹುದೆಂಬ ಪ್ರಶ್ನೆಗೆ ವೈದ್ಯಶಾಸ್ತ್ರದ ಉತ್ತರವು ಸ್ಪಷ್ಟವಾಗಿಯೇ ಇದೆ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಎರಡು ವರ್ಷ ತುಂಬದ ಮಗುವಿಗೆ ಪರದೆಯು ಸಲ್ಲದು. ಅಲ್ಲಿಂದ ಮುಂದೆ ನಾಲ್ಕು ವರ್ಷದವರೆಗೆ ದಿನಕ್ಕೆ ಒಂದು ಗಂಟೆ ಮೀರತಕ್ಕದ್ದಲ್ಲ, ಕಡಮೆಯಾದಷ್ಟೂ ಲೇಸು. ನಮ್ಮ ದೇಶದ ಮಕ್ಕಳ ವೈದ್ಯರ ಸಂಘವೂ ಹೆಚ್ಚುಕಡಮೆ ಇದನ್ನೇ ವಿಧಿಸಿ, ದೂರದ ಬಂಧುಗಳೊಡನೆ ಆಗೊಮ್ಮೆ ಈಗೊಮ್ಮೆ ಮಾಡುವ ವೀಡಿಯೊ ಕರೆಗೆ ಮಾತ್ರ ವಿನಾಯಿತಿಯನ್ನಿತ್ತಿದೆ. ಈ ವಿಧಿಗಳು ಸಾಧುವಾದವುಗಳೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಅವು ನಮ್ಮ ಮನೆಗಳಲ್ಲಿ ನೆಲೆನಿಲ್ಲದಿರುವುದೇಕೆಂದು ವಿಚಾರಿಸಹೊರಟರೆ, ಅವುಗಳನ್ನು ನಾವು ಗ್ರಹಿಸಿರುವ ಬಗೆಯಲ್ಲಿಯೇ ಒಂದು ದೊಡ್ಡ ಲೋಪವು ಗೋಚರಿಸುತ್ತದೆ. ಗಂಟೆಗಳನ್ನು ಮಗುವಿನ ಲೆಕ್ಕಕ್ಕೆ ಬರೆಯುವ ನಾವು ಟೀವಿಯನ್ನು ಹಾಕುವುದು ಬಹುಮಟ್ಟಿಗೆ ನಮಗಾಗಿ.

ಸಂಜೆ ದೀಪ ಹಚ್ಚಿದ ತರುವಾಯ ನಡುಮನೆಯಲ್ಲಿ ಧಾರಾವಾಹಿಗಳು ಒಂದರ ಹಿಂದೊಂದು ಸಾಗುತ್ತಿರುವಾಗ, ನೆಲದ ಮೇಲೆ ಕುಳಿತ ವರ್ಷದ ಕೂಸು ಸಣ್ಣ ಲೋಟವೊಂದನ್ನು ದೊಡ್ಡ ಲೋಟದೊಳಗೆ ಇಳಿಸಲು ಹವಣಿಸುತ್ತಿರುತ್ತದೆ. ಇನ್ನೇನು ಇಳಿಯಿತೆನ್ನುವಷ್ಟರಲ್ಲಿ ಜಾಹೀರಾತಿನ ಅಬ್ಬರಕ್ಕೆ ತಲೆಯೆತ್ತಿ ನೋಡುತ್ತದೆ, ಲೋಟವನ್ನು ಮರೆಯುತ್ತದೆ, ಮತ್ತೊಂದು ಸಾಮಾನಿನ ಕಡೆಗೆ ಅಂಬೆಗಾಲಿಡುತ್ತದೆ. ಮಗು ಟೀವಿಯನ್ನು ನೋಡುತ್ತಲೇ ಇಲ್ಲವೆಂದು ಹಿರಿಯರು ನಿಶ್ಚಿಂತರಾಗಿರುತ್ತಾರೆ. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾನಿಲಯದ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ನಿಶ್ಚಿಂತೆಯನ್ನು ಅಲ್ಲಗಳೆಯುತ್ತದೆ. ಒಂದರಿಂದ ಮೂರು ವರ್ಷದ ಮಕ್ಕಳನ್ನು ಆಟಿಕೆಗಳ ನಡುವೆ ಒಂದು ಗಂಟೆ ಬಿಟ್ಟು, ಅದರಲ್ಲಿ ಅರ್ಧ ಗಂಟೆ ದೊಡ್ಡವರ ಕ್ವಿಜ್ ಕಾರ್ಯಕ್ರಮವೊಂದನ್ನು ಹಾಕಿದಾಗ, ಆ ಮಕ್ಕಳು ಪರದೆಯತ್ತ ನೋಡಿದ್ದು ನಿಮಿಷಕ್ಕೆ ಒಮ್ಮೆಗಿಂತಲೂ ಕಡಮೆ, ಅದೂ ಕೆಲವೇ ಕ್ಷಣ. ಆದಾಗ್ಯೂ ಅವರ ಆಟದ ಒಂದೊಂದು ಸರದಿಯೂ ಮೊಟಕಾಯಿತು, ಏಕಾಗ್ರತೆಯೂ ಕುಗ್ಗಿತು. ನೋಡದ ಟೀವಿಯೂ ಆಟವನ್ನು ಕೆಡಿಸುವುದಾದರೆ, ನೋಡಿದ ನಿಮಿಷಗಳನ್ನು ಮಾತ್ರ ಎಣಿಸುವ ನಮ್ಮ ಲೆಕ್ಕಾಚಾರವು ಎಷ್ಟು ಅಪೂರ್ಣವಾದುದು!

ಇನ್ನು ಶಿಶುಗೀತೆಗಳ ವೀಡಿಯೊಗಳು. ಅವು ಭಾಷೆಯನ್ನು ಕಲಿಸುತ್ತವೆಂಬ ನಂಬಿಕೆಯು ನಮ್ಮಲ್ಲಿ ಬಲವಾಗಿದೆ. ಸಂಶೋಧಕಿ ಪ್ಯಾಟ್ರಿಷಿಯಾ ಕೂಲ್ ಮತ್ತು ಸಂಗಡಿಗರು ಸಿಯಾಟಲ್‌ನಲ್ಲಿ ಒಂಬತ್ತು ತಿಂಗಳ ಅಮೆರಿಕನ್ ಶಿಶುಗಳಿಗೆ ಚೀನೀ ಭಾಷೆಯನ್ನು ಕೇಳಿಸಿ 2003ರಲ್ಲಿ ಪ್ರಕಟಿಸಿದ ಫಲಿತಾಂಶವನ್ನು ಇಲ್ಲಿ ನೆನೆಯಬೇಕು: ಎದುರಿಗೆ ಕುಳಿತು ಆಡಿಸುತ್ತ ಮಾತನಾಡಿದವರಿಂದ ಹನ್ನೆರಡು ಸರದಿಗಳಲ್ಲಿ ಆ ಭಾಷೆಯ ಧ್ವನಿಭೇದಗಳನ್ನು ಶಿಶುಗಳು ಗುರುತಿಸಲು ಕಲಿತವು, ಅವರೇ ಅದನ್ನೇ ವೀಡಿಯೊದಲ್ಲಿ ಆಡಿದಾಗ ಏನನ್ನೂ ಕಲಿಯಲಿಲ್ಲ. ತನ್ನ ತೊದಲಿಗೆ ಮರುನುಡಿಯದ ಮುಖದಿಂದ ಕೂಸಿಗೆ ಮಾತು ದೊರೆಯುವುದು ದುಸ್ತರ.

ಊಟದ ಸಮಯದ ಟೀವಿಯನ್ನು ನಾನು ಇದಕ್ಕಿಂತಲೂ ಕಠಿಣವಾಗಿ ಆಕ್ಷೇಪಿಸುತ್ತೇನೆ. ತುಪ್ಪ ಬೆರೆಸಿ ನುಣ್ಣಗೆ ಕಿವಿಚಿದ ಬೇಳೆಯನ್ನದ ತುತ್ತು ತುಟಿಗೆ ತಾಗಿದೊಡನೆ, ಪರದೆಯಿಂದ ಕಣ್ಣು ಕೀಳದ ಮಗು ಬಾಯನ್ನು ತೆರೆಯುತ್ತದೆ. ಬಟ್ಟಲು ಬರಿದಾಗುತ್ತದೆ, ತಾಯಿಗೂ ಸಮಾಧಾನವಾಗುತ್ತದೆ. ಆದರೆ ಹಸಿವು, ರುಚಿ, ಸಾಕೆನ್ನುವ ತೃಪ್ತಿ ಇವುಗಳಲ್ಲಿ ಒಂದನ್ನೂ ಆ ಮಗು ಅರಿಯದೆಯೇ ಉಂಡಿರುತ್ತದೆ. ಚಂದಮಾಮನನ್ನು ತೋರಿಸಿ ಉಣಿಸುತ್ತಿದ್ದ ಅಜ್ಜಿಯರೂ ಮಗುವಿನ ಗಮನವನ್ನು ಬೇರೆಡೆಗೆ ಸೆಳೆಯುತ್ತಿದ್ದರಲ್ಲವೇ ಎಂದು ಕೇಳಬಹುದು. ನಿಜ, ಆದರೆ ಅಲ್ಲಿ ಕೈಯೂ ದನಿಯೂ ಒಬ್ಬರದೇ ಆಗಿದ್ದು, ಮಗು ಮೋರೆ ತಿರುಗಿಸಿದರೆ ಕತೆಯೂ ತುತ್ತೂ ಅದಕ್ಕಾಗಿ ಕಾಯುತ್ತಿದ್ದವು.

ಹಾಗೆಂದು ಅತ್ತೆಯೂ ಅಜ್ಜಿಯೂ ಹತ್ತಿರವಿಲ್ಲದೆ, ಅಪಾರ್ಟ್‌ಮೆಂಟಿನಲ್ಲಿ ಒಂಟಿಯಾಗಿ ಒಲೆಯನ್ನೂ ಕೂಸನ್ನೂ ನಿಭಾಯಿಸುತ್ತ, ಕುಕ್ಕರ್ ಕೂಗುವಷ್ಟು ಹೊತ್ತು ಟೀವಿಯ ಮುಂದೆ ಮಗುವನ್ನು ಕೂರಿಸಿದ ತಾಯಿಯನ್ನು ದೂಷಿಸುವುದು ಅನ್ಯಾಯ. ಆ ಹತ್ತು ನಿಮಿಷಗಳಿಗಿಂತ, ಯಾರೂ ನೋಡದಿದ್ದರೂ ಬೆಳಗಿನಿಂದ ರಾತ್ರಿಯವರೆಗೆ ಉರಿಯುತ್ತಿರುವ ಪರದೆಯೇ ಹೆಚ್ಚು ವಿಚಾರಾರ್ಹವಾದುದು. ಆದ್ದರಿಂದ ಮನೆಯ ಹಿರಿಯರಲ್ಲಿ, ಮುಖ್ಯವಾಗಿ ಸಂಜೆಯ ವಾರ್ತೆಯನ್ನು ಬಿಟ್ಟಿರಲಾರದ ಗಂಡಸರಲ್ಲಿ, ನನ್ನ ವಿನಂತಿಯಿಷ್ಟೆ: ಮಗು ಎಚ್ಚರವಾಗಿರುವಷ್ಟು ಹೊತ್ತು ಟೀವಿಯನ್ನು ಆರಿಸಿ, ನಿಮ್ಮ ವಾರ್ತೆಯನ್ನೂ ಧಾರಾವಾಹಿಯನ್ನೂ ಅದು ಮಲಗಿದ ಮೇಲೆ ನೋಡಿರಿ.