ಶೀರ್ಷಿಕೆಯಲ್ಲಿ ಕಾಣದ ಇಲಿ

2006ರಲ್ಲಿ ‘ಸೆಲ್ ಕ್ಯಾಲ್ಸಿಯಂ’ ಪತ್ರಿಕೆಯಲ್ಲಿ ಬಂದ ಎಂಟು ಪುಟದ ಲೇಖನವೊಂದರ ಶೀರ್ಷಿಕೆಯ ಬಗ್ಗೆ ನನ್ನದೊಂದು ತಕರಾರಿದೆ. ಬರೆದವರು ಸ್ಪೇನಿನ ಹುವಾನ್-ಪಿಕೊ, ಆಂಜೆಲ್ ನಡಾಲ್ ಮತ್ತು ಸಂಗಡಿಗರು. ಗಾಂಜಾದ ಸತ್ವ ಹೋಗಿ ತಗುಲುವ ಸಿಬಿ1, ಸಿಬಿ2 ಗ್ರಾಹಿಗಳು ಮೇದೋಜೀರಕದ ಬೀಟಾ ಕೋಶದಲ್ಲಿ ಕ್ಯಾಲ್ಸಿಯಂ ಸಂಕೇತವನ್ನೂ ಇನ್ಸುಲಿನ್ ಸ್ರಾವವನ್ನೂ ನಿಯಂತ್ರಿಸುತ್ತವೆ ಎಂದು ಶೀರ್ಷಿಕೆ ಸಾರುತ್ತದೆ. ಯಾರ ಮೇದೋಜೀರಕ? ಇಲಿಯದು. ಆ ಮಾತು ಶೀರ್ಷಿಕೆಯಲ್ಲಿಲ್ಲ.

ಮೊದಲು ಮೆಚ್ಚಬೇಕಾದ್ದನ್ನು ಮೆಚ್ಚೋಣ. ಸಕ್ಕರೆ ಒಳಬಂದು ಕೋಶದ ಇಂಧನವಾದ ಎಟಿಪಿ ಹೆಚ್ಚಿದೊಡನೆ ಬೀಟಾ ಕೋಶದ ಪೊಟ್ಯಾಸಿಯಂ ಕಿಂಡಿ ಮುಚ್ಚಿಕೊಳ್ಳುತ್ತದೆ. ಆಗ ಕ್ಯಾಲ್ಸಿಯಂ ಕಿಂಡಿ ತೆರೆಯುತ್ತದೆ. ಕ್ಯಾಲ್ಸಿಯಂ ನುಗ್ಗಿದ ಮೇಲೆಯೇ ಇನ್ಸುಲಿನ್ ಹೊರಬೀಳುವುದು. ಅದೂ ಒಂದೇ ಸಮನೆ ನುಗ್ಗುವುದಿಲ್ಲ; ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಕ್ಯಾಲ್ಸಿಯಂ ತಗುಲಿದಾಗ ಹೊಳಪು ಬದಲಿಸುವ ಬಣ್ಣ ತುಂಬಿ ನೋಡಿದರೆ ಈ ಏರಿಳಿತ ಅಲೆಅಲೆಯಾಗಿ ಗೆರೆ ಮೂಡಿಸುತ್ತದೆ. ದೇಹವೇ ತಯಾರಿಸುವ, ಗಾಂಜಾದ ಸತ್ವದಂಥ ಕ್ಯಾನಬಿನಾಯ್ಡ್ ‘2-ಎಜಿ’ ಹಾಕಿದಾಗ ಈ ಅಲೆಗಳು ತಗ್ಗಿದವು, ಇನ್ಸುಲಿನ್ನೂ ತಗ್ಗಿತು. ತಗ್ಗಿಸಿದ್ದು ಸಿಬಿ2 ಎಂದು ಲೇಖಕರು ತೀರ್ಮಾನಿಸಿದರು. ಕ್ಯಾಲ್ಸಿಯಂ, ಇನ್ಸುಲಿನ್ ಎರಡನ್ನೂ ಅಳೆದು ಜೋಡಿಸಿದ್ದೇ ಈ ಲೇಖನದ ಗಟ್ಟಿತನ.

ತೊಡಕು ಶುರುವಾದದ್ದು ಎರಡು ವರ್ಷದ ಮೇಲೆ, ಅದೂ ಮನೆಯೊಳಗಿನಿಂದಲೇ. ಲೇಖಕರಲ್ಲೊಬ್ಬರಾದ ಬರ್ಮುಡೆಸ್-ಸಿಲ್ವಾ 2008ರಲ್ಲಿ ಮನುಷ್ಯರ ಮೇದೋಜೀರಕದ ಕೋಶಗುಂಪುಗಳಾದ ಲ್ಯಾಂಗರ್‌ಹಾನ್ಸ್ ದ್ವೀಪಗಳನ್ನು ಪರೀಕ್ಷಿಸಿ ‘ಡಯಾಬೆಟಾಲಜಿಯಾ’ದಲ್ಲಿ ಬರೆದರು. ಸಿಬಿ2 ಇನ್ಸುಲಿನ್ ತಗ್ಗಿಸುವುದೇನೋ ಅಲ್ಲೂ ನಿಜವಾಯಿತು. ಆದರೆ ಆ ಗ್ರಾಹಿ ಕಂಡದ್ದು ಬೀಟಾ ಕೋಶದಲ್ಲಲ್ಲ, ಪಕ್ಕದ ಡೆಲ್ಟಾ ಕೋಶದಲ್ಲಿ! ಡೆಲ್ಟಾ ಕೋಶ ಸುರಿಸುವ ಸೊಮಾಟೊಸ್ಟಾಟಿನ್ ಇನ್ಸುಲಿನ್ನನ್ನು ತಡೆಯುವ ಹಾರ್ಮೋನು. ಅಂದರೆ ಮನುಷ್ಯನಲ್ಲಿ ಇದು ನೆರೆಮನೆಯವರ ಕೈವಾಡವೂ ಇದ್ದೀತು. ಸಿಬಿ1 ಅಂತೂ ಇನ್ಸುಲಿನ್, ರಕ್ತದ ಸಕ್ಕರೆ ಏರಿಸುವ ಗ್ಲುಕಗಾನ್ ಎರಡನ್ನೂ ಹೆಚ್ಚಿಸಿತ್ತು. 2010ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನವರು ಇಲಿಯ ದ್ವೀಪಗಳಲ್ಲೇ ತದ್ವಿರುದ್ಧ ಫಲ ಕಂಡರು: ಎರಡೂ ಗ್ರಾಹಿಗಳನ್ನು ಕೆಣಕಿದರೆ ಇನ್ಸುಲಿನ್ ಏರಿತು.

ಒಂದೇ ಪ್ರಾಣಿ, ಒಂದೇ ಅಂಗ, ಉತ್ತರ ಮಾತ್ರ ಎರಡು. ಒಂದು ಕಾರಣ ಇದಿದ್ದೀತು: ಪ್ರಯೋಗದಲ್ಲಿ ಬಳಸುವ ಔಷಧಗಳ ನಿಷ್ಠೆಯೇ ಸಂಶಯದ್ದು. ಸಿಬಿ1 ತಡೆಯಲು ಹಾಕುವ ಎಎಂ251 ಹೋಗಿ ಜಿಪಿಆರ್55 ಎಂಬ ಮತ್ತೊಂದು ಗ್ರಾಹಿಯನ್ನು ಎಬ್ಬಿಸುತ್ತದೆ. ಸಂಸ್ಕೃತದ ‘ಆನಂದ’ದಿಂದ ಹೆಸರು ಪಡೆದ, ದೇಹದ ಇನ್ನೊಂದು ಕ್ಯಾನಬಿನಾಯ್ಡ್ ಆನಂದಮೈಡ್ ಮೆಣಸಿನಕಾಯಿಯ ಖಾರಕ್ಕೆ ಓಗೊಡುವ ಗ್ರಾಹಿಯನ್ನೂ ತಟ್ಟುತ್ತದೆ. ಇನ್ನು ಇಲಿ, ಮನುಷ್ಯರ ದ್ವೀಪಗಳ ರಚನೆಯೇ ಬೇರೆ: ಇಲಿಯ ದ್ವೀಪದಲ್ಲಿ ಬೀಟಾ ಕೋಶಗಳು ನಡುವೆ ಗುಂಪಾಗಿದ್ದರೆ, ಮನುಷ್ಯನಲ್ಲಿ ಎಲ್ಲವೂ ಕಲಸಿಕೊಂಡಿರುತ್ತವೆ.

ಇದು ಬರೀ ಪಂಡಿತರ ಜಗಳವಲ್ಲ. ಅದೇ 2006ರಲ್ಲಿ ಸಿಬಿ1 ತಡೆಯುವ ರಿಮೊನಬಾಂಟ್ ಮಾತ್ರೆ ಬೊಜ್ಜಿನ ಚಿಕಿತ್ಸೆಗೆಂದು ಯುರೋಪಿನ ಮಾರುಕಟ್ಟೆಗೆ ಬಂತು. ಖಿನ್ನತೆ, ಆತ್ಮಹತ್ಯೆಯ ಯೋಚನೆಗಳ ಅಪಾಯ ಕಂಡು 2008ರಲ್ಲಿ ತಡೆಹಿಡಿದರು. ಅದು ಮಿದುಳಿನ ಕಥೆ, ನಿಜ. ಆದರೆ ಒಂದು ಗ್ರಾಹಿಗೆ ಒಂದೇ ಕೆಲಸ ಅಂದುಕೊಂಡವರಿಗೆ ಏಟು ಬಿದ್ದದ್ದು ಅಲ್ಲಿ.

2006ರ ಲೇಖನದ ಅಳತೆಗಳನ್ನು ನಾನು ಒಪ್ಪುತ್ತೇನೆ, ಶೀರ್ಷಿಕೆಯನ್ನಲ್ಲ. ಓದುವವರು ‘ಮೇದೋಜೀರಕ’ದ ಹಿಂದೆ ಪೆನ್ಸಿಲಿನಲ್ಲಿ ‘ಇಲಿಯ’ ಎಂದು ಬರೆದುಕೊಂಡು ಓದಲಿ.